ಟರ್ಫ್ ಆಮೇಲೆ, ಮೊದಲು ಮ್ಯಾಟಿನ ಕೆಳಗಿನ ನೆಲ

ಮೂಡಿಗೆರೆ ಕಡೆಯ ಹೊಸ ಕ್ಲಬ್ಬಿನ ಕಾರ್ಯದರ್ಶಿಗಳು ಬರೆದದ್ದನ್ನು ಓದಿದೆ. ಈ ಸಲ ಕ್ರಿಕೆಟ್ ಲೀಗಿಗೆ ಸೇರುತ್ತಿದ್ದೇವೆ, ದಾನಿಗಳ ಹಣ ಕೈಗೆ ಬಂದಿದೆ, ಶಾಲೆಯ ಮೈದಾನಕ್ಕೆ ಕೆರೆಗೋಡು (ಕೆರೆಯ ಹೂಳುಮಣ್ಣು) ಹೊಡೆಸಿ ದೀಪಾವಳಿಯೊಳಗೆ ಟರ್ಫ್ ವಿಕೆಟ್ (ಹುಲ್ಲು ಬೆಳೆಸಿದ ಮಣ್ಣಿನ ಪಿಚ್) ಮಾಡುತ್ತೇವೆ, ಪಿಚ್ ಮೇಲೆ ಹಾಸುವ ಹಳೆಯ ತೆಂಗಿನ ನಾರಿನ ಮ್ಯಾಟ್ ಮಾರುವುದಿದೆ, ಯಾರಿಗಾದರೂ ಬೇಕೇ ಎಂದು ಕೇಳಿದ್ದೀರಿ. ಮಾರಬೇಡಿ. ಕೆರೆಗೋಡನ್ನೂ ತರಿಸಬೇಡಿ. ಬೇಲೂರು ಕಡೆಯ ನಮ್ಮ ಕ್ಲಬ್ಬು ಇದೇ ದಾರಿಯಲ್ಲಿ ಹೋಗಿ ಒಂದು ಇಡೀ ಸೀಸನ್ ಕಳೆದುಕೊಂಡಿತು. ನಿಮ್ಮ ಬರಹದ ಕೆಳಗೆ ಐದಾರು ಜನ ‘ಅಭಿನಂದನೆಗಳು’ ಎಂದು ಬರೆದು ಹೋಗಿದ್ದಾರೆ. ಅವರಲ್ಲಿ ಕೆಲವರಿಗೆ ಟರ್ಫಿನ ಕಷ್ಟ ಚೆನ್ನಾಗಿ ಗೊತ್ತು. ಗೊತ್ತಿದ್ದವರು ಹೀಗೆ ಸುಮ್ಮನಿರುವುದು ಸರಿಯಲ್ಲ.

ನಮ್ಮಲ್ಲಿ ಆದದ್ದು ಇದು. ಹಳೆಯ ಕೆಂಪು ನೆಲವನ್ನು ಕೆದಕದೆ, ಅದರ ಮೇಲೆಯೇ ಅರ್ಧ ಅಡಿ ಕೆರೆಗೋಡು ಹರಡಿ, ನೀರು ಬಿಟ್ಟು ರೋಲರ್ ಎಳೆದೆವು. ಮೇಲ್ಮೈ ಕಪ್ಪಗೆ ಮಿರುಗುತ್ತಿತ್ತು, ನೋಡಿದವರೆಲ್ಲ ಹೊಗಳಿದರು. ಬಿಸಿಲು ಏರಿದ ಮೇಲೆ ಬಿರುಕು ಬಿಟ್ಟಿತು. ಎರಡನೆಯ ಪಂದ್ಯದಲ್ಲಿ ಗುಡ್ ಲೆಂಗ್ತ್ ಜಾಗದಿಂದ ಚೆಂಡು ನೇರವಾಗಿ ಮೇಲೆದ್ದು ಎದುರಾಳಿ ಆರಂಭಿಕ ಆಟಗಾರನ ದವಡೆಗೆ ಬಡಿಯಿತು. ಅಂಪೈರ್‌ಗಳು ಆಟ ನಿಲ್ಲಿಸಿದರು. ಆಮೇಲೆ ಅಲ್ಲಿ ಕೂತು ನೋಡಿದರೆ ಅಂಗೈ ಅಗಲದ ಹೆಂಟೆ ಬೆರಳಿಗೇ ಎದ್ದು ಬಂತು. ಅದರ ತಳ ನುಣ್ಣಗಿತ್ತು, ಕೆಳಗಿನ ಕೆಂಪು ಮಣ್ಣಿನ ಒಂದು ಕಣವೂ ಅಂಟಿರಲಿಲ್ಲ. ಎರಡು ಜಾತಿಯ ಮಣ್ಣನ್ನು ಬೆರೆಸದೆ ಒಂದರ ಮೇಲೊಂದು ಹಾಸಿದರೆ ಒಣಗುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ನಡುವೆ ಪದರ ಬಿಡುತ್ತದೆ. ಎಷ್ಟು ಭಾರದ ರೋಲರ್ ಎಳೆದರೂ ಆ ಪದರ ಮತ್ತೆ ಕೂಡುವುದಿಲ್ಲ.

ಮಣ್ಣು ಸರಿಹೋಯಿತು ಎಂದೇ ಇಟ್ಟುಕೊಳ್ಳಿ. ಗರಿಕೆ ಬೇರು ಇಳಿಯುವುದಕ್ಕೆ ತಿಂಗಳುಗಳು ಬೇಕು, ದೀಪಾವಳಿಗೆ ಆಗುವ ಮಾತಲ್ಲ. ಒಂದು ಪಂದ್ಯಕ್ಕೆ ಟರ್ಫ್ ಸಿದ್ಧವಾಗಬೇಕಾದರೆ ವಾರ, ಹತ್ತು ದಿನ ನೀರು, ರೋಲರ್, ಒಣಗಿಸುವುದು, ಮತ್ತೆ ರೋಲರ್. ಇದನ್ನು ಮಾಡಲು ದಿನವೂ ಮೈದಾನದಲ್ಲಿ ಇರುವ ಒಬ್ಬ ಮಾಲಿ ಬೇಕು. ಶಾಲೆಯ ಮೈದಾನ ಎಂದಿರಿ. ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮಕ್ಕಳು ಎಲ್ಲಿ ಸಾಲು ನಿಲ್ಲುತ್ತಾರೆ? ಸಂಜೆ ದನ ಎಲ್ಲಿ ಮೇಯುತ್ತವೆ? ಇದಕ್ಕೆ ಉತ್ತರವಿಲ್ಲದೆ ದಾನಿಗಳ ಹಣವನ್ನು ಮಣ್ಣಿಗೆ ಸುರಿಯಬೇಡಿ.

ಮ್ಯಾಟ್ ಇದ್ದರೆ ಸಾಕೇ ಎಂದರೆ, ಅದೂ ಸಾಲದು. ನಮ್ಮ ಕಡೆ ಮುಕ್ಕಾಲು ಪಾಲು ತಂಡಗಳು ಮ್ಯಾಟನ್ನು ಸಿಕ್ಕ ನೆಲದ ಮೇಲೆ ಬಿಡಿಸಿ ನಾಲ್ಕು ಮೊಳೆ ಹೊಡೆದು ಟಾಸಿಗೆ ಹೋಗುತ್ತವೆ. ಆಮೇಲೆ ಒಂದು ಚೆಂಡು ಮೊಣಕಾಲಿಗೆ, ಮುಂದಿನದು ಮೂಗಿಗೆ ಬಂದಾಗ ಮ್ಯಾಟನ್ನು ಬೈಯುತ್ತಾರೆ. ದೋಷ ಮ್ಯಾಟಿನದಲ್ಲ, ಅದರ ಕೆಳಗಿನ ನೆಲದ್ದು. ಆ ನೆಲವನ್ನು ಹಿಂದಿನವರು ರಾಗಿ ಒಕ್ಕಲು ಕಣ ಮಾಡುತ್ತಿದ್ದಂತೆಯೇ ಮಾಡಬೇಕು. ನಮಗೆ ಇದನ್ನು ತೋರಿಸಿಕೊಟ್ಟವರು ಊರಿನ ಒಬ್ಬ ಹಿರಿಯ ರೈತರು. ಕ್ರಿಕೆಟ್ ಅವರಿಗೆ ಗೊತ್ತಿರಲಿಲ್ಲ, ನೆಲ ಗೊತ್ತಿತ್ತು.

ಮೊದಲು 70 ಅಡಿ ಉದ್ದ, 10 ಅಡಿ ಅಗಲಕ್ಕೆ ದಾರ ಹಿಡಿದು ಮೇಲಿನ ಮೂರು ನಾಲ್ಕು ಅಂಗುಲ ಮಣ್ಣನ್ನು ಸಲಿಕೆಯಿಂದ ಪೂರ್ತಿ ಸಡಿಲಿಸಿ. ಬೇರು, ಬೆಣಚುಕಲ್ಲು, ಗಾಜಿನ ಚೂರು ಎಲ್ಲವನ್ನೂ ಆರಿಸಿ. ಹುತ್ತದ ಮಣ್ಣನ್ನು ಜರಡಿ ಹಿಡಿದು ಅದೇ ಕೆಂಪು ಮಣ್ಣಿಗೆ ಬೆರೆಸಿ. ಬೆರೆಸಿ ಎಂದೆ, ಮೇಲೆ ಹಾಸಿ ಎನ್ನಲಿಲ್ಲ. ಪೂಜೆ ನಡೆಯುವ ಹುತ್ತಕ್ಕೆ ಮಾತ್ರ ಗುದ್ದಲಿ ಹಾಕಬೇಡಿ. ಊರಿನವರ ಮನಸ್ಸು ಮುರಿದರೆ ಮೈದಾನವೂ ಕೈತಪ್ಪುತ್ತದೆ. ನೀರನ್ನು ಪೈಪಿನಿಂದ ಬಿಟ್ಟರೆ ಗುಳಿ ಬೀಳುತ್ತದೆ. ಗೋಣಿಚೀಲ ಹಾಸಿ ಅದರ ಮೇಲೆ ಬಿಡಿ, ಸಮನಾಗಿ ಇಂಗುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಹೆಬ್ಬೆರಳು ಒತ್ತಿ ನೋಡಿ. ಗುರುತು ಮೂಡಬೇಕು, ಮಣ್ಣು ಬೆರಳಿಗೆ ಅಂಟಬಾರದು. ರೋಲರ್ ಎಳೆಯುವ ಹೊತ್ತು ಅದೇ. ಅಂಟುತ್ತಿದ್ದರೆ ಕಾಯಿರಿ, ಅವಸರಪಟ್ಟು ಎಳೆದರೆ ಮಣ್ಣು ರೋಲರಿಗೆ ಮೆತ್ತಿಕೊಂಡು ಕಿತ್ತು ಬರುತ್ತದೆ.

ರೋಲರ್ ಇಲ್ಲ ಎಂದು ಕೊರಗಬೇಡಿ. ಹಳೆಯ ಹಟ್ಟಿಗಳ ಹಿತ್ತಿಲಲ್ಲಿ ಒಕ್ಕಣೆಯ ರೋಣಗಲ್ಲುಗಳು ಕೆಲಸವಿಲ್ಲದೆ ಬಿದ್ದಿವೆ. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಉದ್ದಕ್ಕೆ ಎಳೆಯಿರಿ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಒಣಗಿಸಿ, ನೀರು ಚಿಮುಕಿಸಿ, ಇನ್ನೊಮ್ಮೆ ಎಳೆಯಿರಿ. ಕೊನೆಗೆ ತೆಳ್ಳಗೆ ಸಗಣಿ ಬಗ್ಗಡ ಸಾರಿಸಿ, ದೂಳು ಏಳುವುದಿಲ್ಲ. ದಪ್ಪ ಸಾರಿಸಿದರೆ ಸಿಪ್ಪೆಯಾಗಿ ಏಳುತ್ತದೆ, ಎಚ್ಚರ. ನಡು ಭಾಗ ಮೈದಾನಕ್ಕಿಂತ ಒಂದು ಅಂಗುಲ ಎತ್ತರವಿದ್ದರೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಂದರೂ ನೀರು ನಿಲ್ಲುವುದಿಲ್ಲ. ಮ್ಯಾಟ್ ಹಾಸುವ ಮೊದಲು ಹಳೆಯ ಲೆದರ್ ಬಾಲನ್ನು ಎದೆಯ ಎತ್ತರದಿಂದ ಹೆಜ್ಜೆಗೊಂದು ಕಡೆ ಬೀಳಿಸುತ್ತಾ ಹೋಗಿ. ಎಲ್ಲಿ ಚೆಂಡು ಸಪ್ಪಗೆ ಕೂರುತ್ತದೋ ಅಲ್ಲಿ ಮಣ್ಣು ಇನ್ನೂ ಪೊಳ್ಳು ಎಂದರ್ಥ.

ಕಾಂಕ್ರೀಟ್ ಹಾಕಿಸಿಬಿಡಿ ಎಂದು ಯಾರೋ ಸಲಹೆ ಕೊಟ್ಟಿದ್ದಾರೆ. ಬಲೆ ಕಟ್ಟಿ ಅಭ್ಯಾಸ ಮಾಡುವ ನೆಟ್ಸಿಗೆ ಆಗಬಹುದು, ಪಂದ್ಯಕ್ಕೆ ನಾನು ಒಪ್ಪುವುದಿಲ್ಲ. ಚೆಂಡು ಬೇಕಾದ್ದಕ್ಕಿಂತ ಹೆಚ್ಚು ಪುಟಿಯುತ್ತದೆ, ಬೌಲರ್‌ಗಳ ಮೊಣಕಾಲು, ಹಿಮ್ಮಡಿ ಸೀಸನ್ ಮುಗಿಯುವಷ್ಟರಲ್ಲಿ ಸೋಲುತ್ತವೆ. ಶಾಲೆಯವರ ಒಪ್ಪಿಗೆಯೂ ಬೇಕು.

ಮ್ಯಾಟಿನ ಅಳತೆಯಲ್ಲೂ ಒಂದು ಮಾತು. ಸ್ಟಂಪಿನಿಂದ ಸ್ಟಂಪಿಗೆ 66 ಅಡಿ. ಟರ್ಫ್ ಅಲ್ಲದ ಪಿಚ್‌ಗೆ ನಿಯಮ ಕೇಳುವುದು ಕನಿಷ್ಠ 58 ಅಡಿ ಉದ್ದ, 6 ಅಡಿ ಅಗಲ. ಅಂದರೆ ಒಂದು ಪಾಪಿಂಗ್ ಕ್ರೀಸಿನಿಂದ (ಸ್ಟಂಪಿನಿಂದ ನಾಲ್ಕು ಅಡಿ ಮುಂದಿನ ಗೆರೆ) ಇನ್ನೊಂದಕ್ಕೆ. 58 ಅಡಿಯ ಮ್ಯಾಟ್ ಕೊಂಡರೆ ಬೌಲರ್‌ನ ಮುಂಗಾಲು ಸರಿಯಾಗಿ ಅಂಚಿನ ಮೇಲೆಯೇ ಬೀಳುತ್ತದೆ. ಅಂಚು ಅರ್ಧ ಅಂಗುಲ ಎದ್ದಿದ್ದರೂ ಕಣಕಾಲು ಹೊರಳುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ 66 ಅಡಿಯದನ್ನೇ ಕೊಳ್ಳಿ. ಎರಡೂ ತುದಿಗೆ ಗೇಣುದ್ದದ ಕಾಲುವೆ ತೋಡಿ, ತುದಿಯನ್ನು ಅದರೊಳಗೆ ಮಡಚಿ ಹಾಕಿ ಮಣ್ಣು ತುಂಬಿ ತುಳಿಯಿರಿ. ಬದಿಗಳಿಗೆ ಅಗಲ ತಲೆಯ ಮೊಳೆ, ಅಡಿಗೊಂದರಂತೆ, ನೆಲಕ್ಕೆ ಸಮನಾಗುವವರೆಗೆ. ಒಬ್ಬರು ಹಾರೆ ಹಾಕಿ ಎಳೆದು ಹಿಡಿದಾಗಲೇ ಇನ್ನೊಬ್ಬರು ಮೊಳೆ ಹೊಡೆಯಬೇಕು. ಇನಿಂಗ್ಸ್ ನಡುವೆ ಮತ್ತೆ ಬಿಗಿ ಮಾಡಿ. ಸಡಿಲ ಮ್ಯಾಟ್ ಮೇಲೆ ಸ್ಪಿನ್ನರ್‌ಗೆ ಸಿಗುವ ವಿಕೆಟ್‌ಗಳು ಅವನ ಕೈಚಳಕದವಲ್ಲ, ಕೈಚಳಕವೇ ಎಂದು ನಂಬಿ ಬೆಳೆದ ಹುಡುಗ ಮೈಸೂರಿಗೆ ಆಯ್ಕೆಗೆ ಹೋದಾಗ ಪೆಟ್ಟು ತಿನ್ನುತ್ತಾನೆ. ಸ್ಪೈಕ್ ಶೂ ಹಾಕಿಕೊಂಡು ಮ್ಯಾಟ್ ಮೇಲೆ ಹೆಜ್ಜೆ ಇಡುವವರನ್ನು, ಅವರು ನಾಯಕರೇ ಆಗಿರಲಿ, ಮೈದಾನದಿಂದ ಆಚೆ ಕಳಿಸಿ. ಒಂದು ಓವರಿನಲ್ಲಿ ಹುರಿ ಕಿತ್ತುಹೋಗುತ್ತದೆ.

ಮಳೆಗಾಲದಲ್ಲಿ ಮ್ಯಾಟನ್ನು ಗೋದಾಮಿನ ನೆಲದ ಮೇಲೆ ಇಡಬೇಡಿ, ಗೊಬ್ಬರದ ಚೀಲಗಳ ಪಕ್ಕದಲ್ಲಂತೂ ಬೇಡವೇ ಬೇಡ. ಯೂರಿಯಾ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಪಕ್ಕದ ನಾರು ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿಸಿ, ಬೊಂಬಿಗೆ ಸುತ್ತಿ, ಅಟ್ಟದ ಮೇಲೆ ಇಲಿ ತಲುಪದ ಹಾಗೆ ತೂಗುಹಾಕಿ.

ಚೆಂಡಿನ ಬಗ್ಗೆ ಕೇಳಿದ್ದೀರಿ. ಮೀರತ್ತಿನ ಎಸ್‌ಜಿ ಕಂಪನಿಯದು ಬಿಟ್ಟು ಬೇರೆಯದು ನನ್ನ ಕೈಗೆ ಒಗ್ಗುವುದಿಲ್ಲ. ಆದರೆ ಅವರ ದುಬಾರಿ ಚೆಂಡನ್ನು ನಾರಿನ ಮ್ಯಾಟ್ ಮೇಲೆ ಹಾಕುವುದು ಹಣ ದಂಡ. ಹತ್ತು ಓವರಿಗೆಲ್ಲ ಚರ್ಮ ತರಚಿ ಹೊಳಪು ಹೋಗುತ್ತದೆ. ಕ್ಲಬ್ ದರ್ಜೆಯ, ನಾಲ್ಕು ತುಂಡು ಚರ್ಮ ಹೊಲಿದ ಚೆಂಡು ಸಾಕು. ಎರಡು ತುಂಡಿನದು ಅಭ್ಯಾಸಕ್ಕಿರಲಿ. ಬ್ಯಾಟಿನಲ್ಲಿ ಹುಡುಗರಿಗೆಲ್ಲ ಇಂಗ್ಲಿಷ್ ವಿಲ್ಲೋ ಮರದ್ದೇ ಕೊಡಿಸುವ ಹುಚ್ಚು ಬೇಡ, ಒಳ್ಳೆಯ ಕಾಶ್ಮೀರ ವಿಲ್ಲೋ ಕೊಡಿಸಿ ಬುಡಕ್ಕೆ ರಬ್ಬರ್ ಅಂಟಿಸಿ. ಮಲೆನಾಡಿನ ತೇವದಲ್ಲಿ ಬ್ಯಾಟನ್ನು ಸಿಮೆಂಟ್ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಬುಡ ಊದಿಕೊಳ್ಳುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಹಿಡಿ ಕೂಡುವ ಜಾಗಕ್ಕೆ ತಗುಲಿಸಬೇಡಿ. ಉಳಿದ ಹಣಕ್ಕೆ ಹೆಲ್ಮೆಟ್ ಕೊಳ್ಳಿ. ಒಳಗೆ ಬಿಎಸ್ 7928:2013 ಎಂಬ ಗುರುತಿದೆಯೇ ನೋಡಿ, ಅದು ಕ್ರಿಕೆಟ್ ಹೆಲ್ಮೆಟ್ಟಿನ ಬ್ರಿಟಿಷ್ ಸುರಕ್ಷತಾ ಮಾನದಂಡ. ಜಾಲರಿ ಸಡಿಲವಾದ ಹೆಲ್ಮೆಟ್ ಹಾಕಿಸಿ ಹದಿನಾರರ ಹುಡುಗನನ್ನು ವೇಗಿಯ ಎದುರು ನಿಲ್ಲಿಸುವುದು ಕ್ಷಮಿಸುವ ಮಾತಲ್ಲ.

ಇನ್ನು ಆಟಗಾರರು. ನಿಮ್ಮ ಪಟ್ಟಿಯಲ್ಲಿ ಹದಿನಾರು ಹೆಸರಿದೆ, ಸಂತೋಷ. ಜನವರಿಯ ಒಂದು ಭಾನುವಾರ ಅವರಲ್ಲಿ ಎಷ್ಟು ಜನ ಬರುತ್ತಾರೆ ಎಂದು ಈಗಲೇ ಕೂತು ಲೆಕ್ಕ ಹಾಕಿ. ನವೆಂಬರಿನಿಂದ ಅರೇಬಿಕಾ ಕಾಫಿ ಕುಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಜೊತೆಗೆ ಮೆಣಸು. ಮನೆಯ ಕಣದಲ್ಲಿ ಹಣ್ಣು ಹರಡಿರುವಾಗ ಮಗನನ್ನು ಆಟಕ್ಕೆ ಬಿಡಿ ಎಂದು ಅಪ್ಪನನ್ನು ಕೇಳುವ ಧೈರ್ಯ ಯಾರಿಗಿದೆ? ಪಿಚ್ ಮುಚ್ಚಲು ಇಟ್ಟ ಟಾರ್ಪಾಲೂ ಆಗ ಕಾಫಿಗೆ ಹೋಗುತ್ತದೆ. ಮಾರ್ಚಿನಲ್ಲಿ ಪಿಯು ಪರೀಕ್ಷೆ. ಅದಕ್ಕೇ ಲೀಗಿನ ಸಭೆಯಲ್ಲಿ ವೇಳಾಪಟ್ಟಿ ಬರೆಯುವಾಗ ಬಾಯಿಬಿಟ್ಟು ಮಾತಾಡಿ. ಅರಸೀಕೆರೆ, ಚನ್ನರಾಯಪಟ್ಟಣದಂಥ ಬಯಲುಸೀಮೆಯ ತಂಡಗಳಿಗೆ ಜನವರಿ ಒಳ್ಳೆಯ ತಿಂಗಳು, ನಮಗಲ್ಲ. ಒಂದೇ ಪಟ್ಟಿಯನ್ನು ಎಲ್ಲರ ಮೇಲೆ ಹೇರಿದರೆ ಮಲೆನಾಡಿನ ತಂಡಗಳು ಆಡದೆಯೇ ಎದುರಾಳಿಗೆ ಗೆಲುವು ಬಿಟ್ಟು ವಾಕ್‌ಓವರ್ ಕೊಡುತ್ತಲೇ ಇರುತ್ತವೆ.

ರಾತ್ರಿ ದೀಪದ ಬೆಳಕಿನ ಟೆನಿಸ್ ಬಾಲ್ ಟೂರ್ನಿಗಳ ಮೇಲೆ ನನಗೆ ದ್ವೇಷವಿಲ್ಲ, ಹುಡುಗರಿಗೆ ನಾಲ್ಕು ಕಾಸು ಸಿಗುತ್ತದೆ. ಆದರೆ ಶನಿವಾರ ರಾತ್ರಿಯಿಂದ ಬೆಳಗಿನ ಜಾವದವರೆಗೆ ಅಲ್ಲಿ ಆಡಿ ಭಾನುವಾರ ಲೆದರ್ ಬಾಲ್ ಪಂದ್ಯಕ್ಕೆ ಬಂದವನು ನಿಂತಲ್ಲೇ ತೂಗುತ್ತಿರುತ್ತಾನೆ. ನಿಷೇಧ ಹೇರಿದರೆ ಹುಡುಗರು ನಿಮ್ಮನ್ನೇ ಬಿಡುತ್ತಾರೆ. ಯಾವ ವಾರ ಯಾವ ಟೂರ್ನಿ ಎಂದು ಮೊದಲೇ ಕೇಳಿಕೊಂಡು ಅಂದು ಬೇರೆಯವರನ್ನು ಆಡಿಸಿ. ಹೊರಗಿನ ಆಟಗಾರನಿಗೆ ದುಡ್ಡು ಕೊಟ್ಟು ಕರೆಸುವ ಚಟ ಮಾತ್ರ ಅಂಟಿಸಿಕೊಳ್ಳಬೇಡಿ. ವರ್ಷವಿಡೀ ಮ್ಯಾಟ್ ಹೊತ್ತ ಹುಡುಗ ಅಂದು ಬೌಂಡರಿ ಆಚೆ ನೀರು ಹಿಡಿದು ನಿಂತಿದ್ದರೆ ಮುಂದಿನ ವರ್ಷ ಅವನು ಬರುವುದಿಲ್ಲ.

ಹುಡುಗಿಯರು ಅಭ್ಯಾಸಕ್ಕೆ ಕೇಳುತ್ತಿದ್ದಾರೆ, ಏನು ಮಾಡಲಿ ಎಂದು ಬರೆದಿದ್ದೀರಿ. ಇದರಲ್ಲಿ ಯೋಚಿಸುವುದೇನಿದೆ? 2017ರ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತಕ್ಕೆ ಆಡಿದ ವೇದಾ ಕೃಷ್ಣಮೂರ್ತಿ ನಿಮ್ಮದೇ ಜಿಲ್ಲೆಯ ಕಡೂರಿನವರು. 1996ರಲ್ಲಿ ಭಾರತಕ್ಕೆ ಎರಡು ಟೆಸ್ಟ್ ಆಡಿದ ವೇಗಿ ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ನಮ್ಮ ಕಡೆಯ ಮಕ್ಕಳಿಗೆ ಶಕ್ತಿಯ ಕೊರತೆಯಿಲ್ಲ. ನೆಟ್ಸಿನಲ್ಲಿ ಒಂದು ಸಾಲು ಅವರಿಗೆ ಬಿಟ್ಟುಕೊಡಿ.

ಪಂದ್ಯದ ಹೊತ್ತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಎಂಟು ಗಂಟೆಗೆ ಟಾಸ್ ಇಡಬೇಡಿ. ಇಬ್ಬನಿಗೆ ಮ್ಯಾಟ್ ನೆನೆದು ಜಾರುತ್ತದೆ, ಒಂಬತ್ತೂವರೆಗೆ ಇಡಿ. ತಡವಾದಷ್ಟೂ ಓವರ್ ಕಡಿಮೆ ಮಾಡಿ, 30ರ ಬದಲು 25 ಆಡಿಸಿ, ಸಂಜೆಯನ್ನು ಮಾತ್ರ ಮುಂದಕ್ಕೆ ತಳ್ಳಬೇಡಿ. ಆಲೂರು, ಸಕಲೇಶಪುರ, ಬೇಲೂರು ಕಡೆ ಪಂದ್ಯವಿದ್ದರೆ ನಾಲ್ಕೂವರೆಗೆ ಆಟ ಮುಗಿದಿರಬೇಕು. ತೋಟದ ದಾರಿಗಳಲ್ಲಿ ಆನೆಗಳಿವೆ, ಕಿಟ್ ಬ್ಯಾಗ್ ಹೊತ್ತು ಬೈಕಿನಲ್ಲಿ ಕತ್ತಲೆಗೆ ಹೊರಡುವ ಹುಡುಗರನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಹೊರಡುವ ಮುನ್ನ ಆ ಊರಿನವರಿಗೆ ಫೋನ್ ಮಾಡಿ ಆನೆ ಯಾವ ತೋಟದಲ್ಲಿದೆ ಎಂದು ಕೇಳಿಕೊಳ್ಳಿ. ಬೈಕ್‌ಗಳನ್ನು ಬಿಟ್ಟು ಎಲ್ಲರಿಗೂ ಸೇರಿ ಒಂದು ಜೀಪು ಗೊತ್ತುಮಾಡಿ, ಅದರ ಬಾಡಿಗೆಯನ್ನು ಕ್ಲಬ್ಬಿನ ಖರ್ಚಿಗೆ ಬರೆಯಿರಿ.