ಕುವೈತ್‌ನ ಅಮೆರಿಕನ್ ಮಿಲಿಟರಿ ಕ್ಯಾಂಪಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ: ಏಜೆಂಟ್ ಹೇಳುವ 10 ಲಕ್ಷದ ವಿಮೆ ಸಾಕಾ?

ಹಾಸನದಲ್ಲಿ ಐಟಿಐ ಮುಗಿಸಿದ ನೀವು ಕುವೈತ್‌ನ ಅಮೆರಿಕನ್ ಕ್ಯಾಂಪಿಗೆ ದುಬೈ ಕಂಪನಿಯ ಸಬ್ ಕಾಂಟ್ರಾಕ್ಟಿನಲ್ಲಿ ಹೋಗೋಕೆ ಹೊರಟಿದ್ದೀರಿ, ಏಜೆಂಟನಿಗೆ ಕೊಡೋಕೆ ಒಂದೂವರೆ ಲಕ್ಷ ಸಾಲ, ಅವನು ಹೇಳೋ 10 ಲಕ್ಷದ ವಿಮೆ ಸಾಕಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದ್ತಾ 2011ರ ನನ್ನನ್ನೇ ನೋಡಿದ ಹಾಗಾಯ್ತು. ನಾನು ಹೋಗಿದ್ದು ಅಫ್ಘಾನಿಸ್ತಾನದ ಬಗ್ರಾಮ್‌ನಲ್ಲಿದ್ದ ಅಮೆರಿಕದ ಸೇನಾ ನೆಲೆಗೆ, ಬೇಲೂರಿನ ಹತ್ತಿರ ಅಪ್ಪನ ಹೆಸರಲ್ಲಿದ್ದ ಜಮೀನು ಅಡ ಇಟ್ಟು.

2012ರ ಚಳಿಗಾಲ. ಏಣಿ ಮೇಲೆ ನಿಂತು ಟ್ಯೂಬ್‌ಲೈಟಿನ ಚೋಕ್ ಬದಲಿಸ್ತಿದ್ದೆ. ರಾಕೆಟ್ ಸೈರನ್ ಕೂಗಿತು. ಇಳಿಯೋ ಆತುರದಲ್ಲಿ ಕಾಲು ಜಾರಿ, ಬಲಭುಜ ಕಾಂಕ್ರೀಟಿಗೆ ಬಡೀತು. ರಾಕೆಟ್ ಎಲ್ಲೋ ದೂರ ಬಿತ್ತು.

ತಪ್ಪು ಮಾಡಿದ್ದು ಆಮೇಲೆ. ರಾಕೆಟ್ ನನಗೆ ತಾಗಿಲ್ಲವಲ್ಲ, ಇದು ಯಾವ ಲೆಕ್ಕಕ್ಕೆ ಅಂದುಕೊಂಡೆ. ಫೋರ್‌ಮನ್‌ಗೆ ಬಾಯಲ್ಲಿ ಹೇಳಿದೆ. "ಬರೆದುಕೊಟ್ರೆ ಅನ್‌ಫಿಟ್ ಅಂತ ವಾಪಸ್ ಕಳಿಸ್ತಾರೆ, ಸಾಲ ಯಾರು ತೀರಿಸ್ತಾರೆ?" ಅಂದ. ಸುಮ್ಮನಾದೆ. ಕ್ಯಾಂಪ್ ಕ್ಲಿನಿಕ್‌ನಲ್ಲಿ "ಭುಜ ನೋವು" ಅಂದೆ, ಚೀಟಿಯಲ್ಲೂ ಅಷ್ಟೇ ಬರೆದರು. ಏಣಿಯಿಂದ ಬಿದ್ದೆ, ಡ್ಯೂಟಿಯಲ್ಲಿದ್ದೆ, ಸೈರನ್ ಆಗಿತ್ತು, ಇಷ್ಟು ಗಂಟೆ, ಜೊತೆಗೆ ಇಂಥವರಿದ್ದರು, ಈ ಯಾವುದೂ ಒಂದು ಕಾಗದದಲ್ಲೂ ಇಲ್ಲ. ನಾಲ್ಕು ತಿಂಗಳು ಮಾತ್ರೆ ನುಂಗಿ ದುಡಿದೆ. ಹೊರಡುವಾಗ, ಗಾಯ ಆಗಿಲ್ಲ, ಬಾಕಿ ಏನೂ ಇಲ್ಲ ಅನ್ನೋ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿದೆ. ಸಹಿ ಹಾಕಿದ ಮೇಲೆ ಕೇಳೋ ಹಕ್ಕೇ ಹೋಯ್ತು ಅಂತ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದಾಗ ಸ್ನಾಯುರಜ್ಜು ಹರಿದಿರೋದು ಗೊತ್ತಾಯ್ತು. ಆಪರೇಷನ್ ಖರ್ಚು ಪೂರ್ತಿ ನಮ್ಮದೇ.

ಡಿಫೆನ್ಸ್ ಬೇಸ್ ಆಕ್ಟ್ ಅಂತ 1941ರ ಅಮೆರಿಕದ ಕಾನೂನಿದೆ ಅಂತ ಹೇಳಿದ್ದು ಜೊತೆಗಿದ್ದ ನೇಪಾಳಿ ಹುಡುಗ. ಅವರ ಸೇನಾ ನೆಲೆಗಳಲ್ಲಿ ದುಡಿಯೋ ಬೇರೆ ದೇಶದವರಿಗೂ, ಸಬ್ ಕಾಂಟ್ರಾಕ್ಟಿನವರಿಗೂ ಅದು ಅನ್ವಯ. ಬಾಂಬ್ ಬಿದ್ದೇ ಗಾಯ ಆಗಬೇಕಿಲ್ಲ, ಏಣಿಯಿಂದ ಬಿದ್ದರೂ ಸರಿ. ಕಂಪನಿ ಅಥವಾ ಅದರ ವಿಮೆಯವರು ಚಿಕಿತ್ಸೆ ಖರ್ಚು ಕೊಡಬೇಕು. ಏನೂ ದುಡಿಯೋಕಾಗದಷ್ಟು ಕಾಲ ವಾರದ ಸರಾಸರಿ ಸಂಬಳದ ಮೂರನೇ ಎರಡು ಭಾಗವನ್ನೂ ಕೊಡಬೇಕು. ಕೆಲಸಗಾರ ಹಕ್ಕು ಬಿಟ್ಟುಕೊಟ್ಟೆ ಅಂತ ಬರೆದುಕೊಡೋ ಒಪ್ಪಂದಕ್ಕೆ ಅಲ್ಲಿ ಬೆಲೆಯಿಲ್ಲ. ಆದರೆ 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕು, ಸಾಮಾನ್ಯವಾಗಿ 1 ವರ್ಷದೊಳಗೆ ಕ್ಲೇಮ್ ಹಾಕಬೇಕು. ನಾನು ಹಾಕಿದಾಗ ವಿಮೆಯವರು ಕೇಳಿದ್ದು ಒಂದೇ: ಬಿದ್ದಿದ್ದಕ್ಕೆ ಕಾಗದ ಎಲ್ಲಿ? ಕೊನೆಗೆ ಅಡ ಬಿಡಿಸೋಕೂ ಸಾಕಾಗದ ಮೊತ್ತಕ್ಕೆ ರಾಜಿ ಆಯ್ತು. ಬಲಗೈ ಇವತ್ತಿಗೂ ಭುಜದಿಂದ ಮೇಲಕ್ಕೆ ಏಳಲ್ಲ.

ಅದಕ್ಕೇ 10 ಲಕ್ಷ ಸಾಕಾ ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಏಜೆಂಟ್ ಹೇಳ್ತಿರೋದು ವಿದೇಶಕ್ಕೆ ದುಡಿಯೋಕೆ ಹೋಗೋರಿಗೆ ಅಂತ ಇರೋ ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇರಬೇಕು. ಅದು ಇಸಿಆರ್ (ಕೆಲವು ದೇಶಗಳಿಗೆ ದುಡಿಯೋಕೆ ಹೋಗೋ ಮೊದಲು ಸರ್ಕಾರದ ಅನುಮತಿ ಬೇಕು ಅನ್ನೋ ಗುರುತು) ಪಾಸ್‌ಪೋರ್ಟಿನವರಿಗೆ ಕಡ್ಡಾಯ. ನೀವು ಎಸ್ಸೆಸ್ಸೆಲ್ಸಿ ಪಾಸಾದವರು, ನಿಮ್ಮ ಪಾಸ್‌ಪೋರ್ಟ್‌ಗೆ ಇಸಿಆರ್ ಇರೋದಿಲ್ಲ, ಅಂದ್ರೆ ನಿಮಗೆ ಅದು ಕಡ್ಡಾಯ ಅಲ್ಲ. ಪಾಲಿಸಿ ಕಾಗದ ಕೈಗೆ ಬರೋವರೆಗೆ ನಂಬಬೇಡಿ. ಸಿಕ್ಕರೂ ಆ 10 ಲಕ್ಷ ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ.

ಒಂದೂವರೆ ಲಕ್ಷವನ್ನಂತೂ ಕೊಡಲೇಬೇಡಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಿ ತಗೊಳ್ಳೋ ಹಾಗಿಲ್ಲ, ರಸೀದಿ ಕೊಡಬೇಕು. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವನ ಹೆಸರು ಹುಡುಕಿ. ನನ್ನ ಬಾಯಿ ಕಟ್ಟಿದ್ದು ಆ ಸಾಲವೇ. ಹೋಗಲೇಬೇಕು ಅಂದ್ರೆ, ಡಿಫೆನ್ಸ್ ಬೇಸ್ ಆಕ್ಟ್ ವಿಮೆ ಯಾವ ಕಂಪನಿಯದು ಅಂತ ಹೊರಡೋ ಮೊದಲೇ ಕೇಳಿ ಬರೆಸಿಕೊಳ್ಳಿ. ಅಲ್ಲಿ ಬೆರಳು ಜಜ್ಜಿದರೂ ಅವತ್ತೇ ಸೂಪರ್‌ವೈಸರ್‌ಗೆ ಇ-ಮೇಲ್ ಹಾಕಿ, ಕ್ಲಿನಿಕ್ ಚೀಟಿಯ ಫೋಟೋ ಮನೆಗೆ ವಾಟ್ಸಾಪ್ ಮಾಡಿ.