ಘೆಟ್ಟೋ ಅಂದರೆ ತಾವೇ ಕಟ್ಟಿಕೊಂಡ ಕೇರಿಯೇ?

ಪ್ರಶ್ನೆ: ಯೂರೋಪಿನ ಯಹೂದಿಗಳು ಬಡ್ಡಿ ವ್ಯಾಪಾರ ಮಾಡಿಕೊಂಡು, ಊರಿನವರ ಜೊತೆ ಸೇರದೆ ತಾವೇ ಬೇರೆ ಕೇರಿ ಕಟ್ಟಿಕೊಂಡಿದ್ದರು ಎಂದು ಎಲ್ಲೋ ಓದಿದೆ. ಘೆಟ್ಟೋ ಅಂದರೆ ಅದೇನಾ?

ಉತ್ತರ: ಅಲ್ಲ. ಆ ಹೆಸರು ಹುಟ್ಟಿದ ವೆನಿಸ್‌ನ ಕತೆಯನ್ನೇ ನೋಡಿ. 1509ರ ಯುದ್ಧದಲ್ಲಿ ಸುತ್ತಲಿನ ಊರುಗಳಿಂದ ಬಹಳ ಯಹೂದಿಗಳು ಜೀವ ಉಳಿಸಿಕೊಳ್ಳಲು ವೆನಿಸ್‌ಗೆ ಓಡಿಬಂದರು. 1516ರಲ್ಲಿ ಅಲ್ಲಿನ ಸರ್ಕಾರ ಅವರನ್ನೆಲ್ಲ ಒಂದು ಪುಟ್ಟ ದ್ವೀಪಕ್ಕೆ ಸಾಗಿಸಿತು. ಹಿಂದೆ ಅಲ್ಲಿ ಲೋಹ ಎರಕ ಹೊಯ್ಯುತ್ತಿದ್ದರು. ಆ ಎರಕದ ಜಾಗದ ಹೆಸರೇ ಘೆಟ್ಟೋ ಆಯಿತು ಎನ್ನುತ್ತಾರೆ.

ರಾತ್ರಿ ಗೇಟಿಗೆ ಬೀಗ. ಸುತ್ತಲಿನ ಕಾಲುವೆಗಳಲ್ಲಿ ದೋಣಿಯಲ್ಲಿ ಕಾವಲು. ಕಾವಲುಗಾರರು ಕ್ರೈಸ್ತರು, ಅವರ ಸಂಬಳ ಮಾತ್ರ ಯಹೂದಿಗಳೇ ಕೊಡಬೇಕು! ಮನೆ ಕೊಳ್ಳುವ ಹಾಗಿರಲಿಲ್ಲ. ಮೊದಲಿದ್ದ ಬಾಡಿಗೆಯ ಮೇಲೆ ಮೂರನೇ ಒಂದು ಭಾಗ ಜಾಸ್ತಿ ಕೇಳಲು ಮಾಲೀಕರಿಗೆ ಅನುಮತಿ ಸಿಕ್ಕಿತು. ಹೊರಗೆ ಹೋದರೆ ಹಳದಿ ಟೋಪಿ ಹಾಕಲೇಬೇಕು. ಜನ ಹೆಚ್ಚಿದಂತೆ ಮನೆಗಳು ಮೇಲಕ್ಕೇ ಬೆಳೆದವು. ಅಷ್ಟೇ ಎತ್ತರದಲ್ಲಿ ಜಾಸ್ತಿ ಅಂತಸ್ತು ಹಿಡಿಸಲು ಒಂದೊಂದು ಅಂತಸ್ತಿನ ಸೂರನ್ನೂ ತಗ್ಗಿಸಿದರು. ಆ ಗಿಡ್ಡ ಸೂರಿನ ಎತ್ತರದ ಮನೆಗಳು ಇಂದಿಗೂ ಅಲ್ಲಿವೆ.

ಇನ್ನು ಬಡ್ಡಿ. ಒತ್ತೆ ಅಂಗಡಿ, ಹಳೇ ಬಟ್ಟೆ ವ್ಯಾಪಾರ, ವೈದ್ಯ: ಇಂಥ ಕೆಲವೇ ಕಸುಬುಗಳಿಗೆ ಅವರಿಗೆ ಅವಕಾಶವಿತ್ತು. ಕ್ರೈಸ್ತರು ಬಡ್ಡಿ ತೆಗೆದುಕೊಳ್ಳುವುದು ಪಾಪ ಎಂದು ಚರ್ಚ್ ಹೇಳುತ್ತಿತ್ತು, ಆದರೆ ಊರಿನ ಬಡವರಿಗೆ ಸಾಲ ಬೇಕೇ ಬೇಕಲ್ವಾ? ಹಾಗಾಗಿ ಊರಲ್ಲಿ ಉಳಿಯಬೇಕಾದರೆ ಒತ್ತೆ ಅಂಗಡಿ ನಡೆಸಲೇಬೇಕು ಎಂದು ಸರ್ಕಾರವೇ ಕರಾರು ಬರೆಸಿಕೊಂಡಿತು. ಉಳಿದ ಬಾಗಿಲೆಲ್ಲ ಮುಚ್ಚಿ, ತೆರೆದಿಟ್ಟ ಒಂದೇ ಬಾಗಿಲಿನಿಂದ ಬಂದವನನ್ನು ಬಯ್ಯುವುದು ಅನ್ಯಾಯ. ನೀವು ಓದಿದ್ದರಲ್ಲಿ ಈ ಭಾಗವೇ ಬಿಟ್ಟುಹೋಗಿದೆ.

ಬೀಗ ಹಾಕಿದ ಮೇಲೂ ಹೊರಗೆ ಹೋಗಲು ಬಿಡುತ್ತಿದ್ದದ್ದು ಮುಖ್ಯವಾಗಿ ವೈದ್ಯರನ್ನು. ಕಾಯಿಲೆ ಬಿದ್ದ ಕ್ರೈಸ್ತರ ಮನೆಗೆ ಅವರು ಬೇಕಾಗಿತ್ತು.

1797ರಲ್ಲಿ ನೆಪೋಲಿಯನ್‌ನ ಸೇನೆ ಬಂದಾಗ ಗೇಟುಗಳನ್ನು ಕಿತ್ತು ಸುಟ್ಟರು. ಆದರೆ 1943ರಲ್ಲಿ ನಾಜಿಗಳು ವೆನಿಸ್‌ಗೂ ಬಂದರು. ಆಗ ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥರಾಗಿದ್ದವರು ಜುಸೆಪ್ಪೆ ಯೋನಾ. ಅವರೂ ವೈದ್ಯರೇ. ತಮ್ಮ ಜನರ ಹೆಸರಿನ ಪಟ್ಟಿಯನ್ನು ನಾಜಿಗಳಿಗೆ ಕೊಡಲು ಒಪ್ಪದೆ, ಆ ಸೆಪ್ಟೆಂಬರ್‌ನಲ್ಲಿ ಅವರು ಪ್ರಾಣವನ್ನೇ ಬಿಟ್ಟರು.