ಓದುಗರ ಪ್ರಶ್ನೆ: ‘ಕಿರಣ್’ ಇಷ್ಟು ಕಾಲ ಹಾರಿದ್ದೇಕೆ?

ಪ್ರಶ್ನೆ: ಚಿಕ್ಕಂದಿನಲ್ಲಿ ಬೀದರ್‌ನ ನಮ್ಮ ಮನೆಯ ಮೇಲೆ ಕೆಂಪು-ಬಿಳಿ ಬಣ್ಣದ ಒಂಬತ್ತು ವಿಮಾನಗಳು ಒಟ್ಟಾಗಿ ಹಾರುವುದನ್ನು ನೋಡುತ್ತಿದ್ದೆವು. ಅವು ‘ಕಿರಣ್’ ಎಂದು ತಂದೆಯವರು ಹೇಳುತ್ತಿದ್ದರು. ಅದು ನಮ್ಮಲ್ಲೇ ತಯಾರಾದ ವಿಮಾನವೇ? ಅಷ್ಟು ಹಳೆಯದನ್ನು ವಾಯುಪಡೆ ಅಷ್ಟು ದೀರ್ಘಕಾಲ ಏಕೆ ಇರಿಸಿಕೊಂಡಿತು? – ಬೀದರ್‌ನ ಓದುಗರೊಬ್ಬರು

ಉತ್ತರ: ವಿಮಾನ ನಮ್ಮದೇ, ಎಂಜಿನ್ ಮಾತ್ರ ಮೂಲತಃ ಬ್ರಿಟನ್ನಿನದು. ಬ್ರಿಟಿಷ್ ಮೂಲದ ವ್ಯಾಂಪೈರ್ ತರಬೇತಿ ವಿಮಾನಗಳಿಗೆ ವಯಸ್ಸಾಗುತ್ತಿದ್ದಾಗ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ. ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಅವುಗಳ ಜಾಗಕ್ಕೆಂದು ಇದರ ವಿನ್ಯಾಸ ಆರಂಭವಾಯಿತು. 1964ರ ಸೆಪ್ಟೆಂಬರ್ 4ರಂದು ಇದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಇರುವುದು ಇವರದೇ ಹೆಸರು. 1970ರಲ್ಲಿ ‘ಮಾರುತ್’ ಯುದ್ಧವಿಮಾನದ ಪರೀಕ್ಷಾ ಹಾರಾಟದಲ್ಲಿ ಅವರು ತೀರಿಕೊಂಡರು. 1968ರಿಂದ ವಾಯುಪಡೆಯ ಕೈಸೇರತೊಡಗಿದ ಕಿರಣ್‌ನ ಮೊದಲ ಮಾದರಿಗೆ ವೈಪರ್ ಎಂಜಿನ್ ಇತ್ತು. 1976ರಲ್ಲಿ ಹಾರಿದ ಎರಡನೇ ಮಾದರಿಗೆ, ನ್ಯಾಟ್ ಮತ್ತು ಮಾರುತ್ ವಿಮಾನಗಳಿಗಾಗಿ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ, ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ಕೂಡಿಸಿದರು. ನೀವು ಕಂಡದ್ದು ಈ ಎರಡನೇ ಮಾದರಿ; 1996ರಲ್ಲಿ ಬೀದರ್‌ನಲ್ಲಿ ಕಟ್ಟಿದ, ವಾಯುಪಡೆಯ ಕಸರತ್ತು ಪ್ರದರ್ಶನದ ‘ಸೂರ್ಯಕಿರಣ್’ ತಂಡದ್ದು.

ಇದರ ಕಾಕ್‌ಪಿಟ್‌ನಲ್ಲಿ ಗುರು-ಶಿಷ್ಯರು ಒಬ್ಬರ ಹಿಂದೆ ಒಬ್ಬರಲ್ಲ, ಅಕ್ಕಪಕ್ಕ ಕೂರುತ್ತಾರೆ. ಹೀಗೆ ಕೂತರೆ ವಿಮಾನದ ಮೂತಿ ಅಗಲವಾಗಿ ಗಾಳಿಯ ತಡೆ ಹೆಚ್ಚುತ್ತದೆ, ನಿಜ. ಆದರೆ ಶಿಷ್ಯನ ಕೈ ವಿಮಾನ ನಡೆಸುವ ಸ್ಟಿಕ್ಕನ್ನು ಬಿಗಿಹಿಡಿದಿದೆಯೇ, ಅವನ ಕಣ್ಣು ಯಾವ ಮಾಪಕದ ಮೇಲಿದೆ ಎಂಬುದನ್ನು ಗುರು ಕತ್ತು ಹೊರಳಿಸಿದರೆ ಸಾಕು, ಕಾಣಬಹುದು. ಕಲಿಕೆಯ ಮೊದಲ ಹಂತಗಳಲ್ಲಿ ಇದರ ಬೆಲೆ ವೇಗದ ಬೆಲೆಗಿಂತ ದೊಡ್ಡದೆಂದೇ ನನ್ನ ಎಣಿಕೆ.

ಆದರೂ ಕಿರಣ್ ಇಷ್ಟು ಕಾಲ ಉಳಿದದ್ದಕ್ಕೆ ಅದರ ಗುಣಕ್ಕಿಂತ ಉತ್ತರಾಧಿಕಾರಿಯ ತೊಡಕೇ ಹೆಚ್ಚು ಕಾರಣ. ಕಿರಣ್ ತಯಾರಿಕೆ 1989ರಲ್ಲಿ ನಿಂತಿತು. ಅದರ ಜಾಗಕ್ಕೆಂದು ಎಚ್‌ಎಎಲ್ ರೂಪಿಸಿದ ‘ಸಿತಾರಾ’ 2003ರ ಮಾರ್ಚ್ 7ರಂದು ಹಾರಿತಾದರೂ ಮೊದಲು ಎಂಜಿನ್ ಬದಲಾಯಿಸಬೇಕಾಯಿತು, ಆಮೇಲೆ ಗಿರಕಿಯ ಸಮಸ್ಯೆ ಎದುರಾಯಿತು. ವೇಗ ಕುಗ್ಗಿ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡಾಗ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಕುಸಿದರೆ, ವಿಮಾನ ಬುಗುರಿಯಂತೆ ತಿರುಗುತ್ತ ಕೆಳಗಿಳಿಯುತ್ತದೆ. ಯುದ್ಧವಿಮಾನದ ಚಾಲಕ ಇದರಿಂದ ಪಾರಾಗುವುದನ್ನು ಕಲಿಯಲೇಬೇಕು. ತಿರುಗುವ ದಿಕ್ಕಿಗೆ ಎದುರಾಗಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ) ಒತ್ತಿ, ಸ್ಟಿಕ್ಕನ್ನು ಮುಂದೆ ತಳ್ಳಿ, ಗಿರಕಿ ನಿಂತ ಮೇಲೆ ವಿಮಾನವನ್ನು ನಿಧಾನವಾಗಿ ಎತ್ತಿಕೊಳ್ಳುವುದು ಸಾಮಾನ್ಯ ಕ್ರಮ. ಶಿಷ್ಯನನ್ನು ಬೇಕೆಂದೇ ಗಿರಕಿಗೆ ದೂಡಿ ಹೊರಬರಲು ಕಲಿಸುವ ವಿಮಾನವೇ ಗಿರಕಿಯಲ್ಲಿ ನಂಬಿಕೆಗೆ ಬಾರದಿದ್ದರೆ, ಅದು ಬೇರೆಲ್ಲದರಲ್ಲಿ ಚೆನ್ನಾಗಿದ್ದರೂ ವಾಯುಪಡೆ ಒಪ್ಪಿಕೊಳ್ಳುವಂತಿಲ್ಲ. ಕೊನೆಗೆ ಬಾಲದ ಲಂಬ ರೆಕ್ಕೆಯನ್ನೂ ರಡ್ಡರನ್ನೂ ಸ್ಥಳಾಂತರಿಸಿ ವಿನ್ಯಾಸ ತಿದ್ದಿದ ಮೇಲೆ, 2022ರ ಹೊತ್ತಿಗೆ ಎಡಕ್ಕೂ ಬಲಕ್ಕೂ ಆರಾರು ಸುತ್ತು ಗಿರಕಿ ಹೊಡೆದು ಅದು ಸುರಕ್ಷಿತವಾಗಿ ಹೊರಬಂದಿತು.

ಈ ನಡುವೆ ಹೊರೆಯೆಲ್ಲ ಕಿರಣ್ ಮೇಲೆಯೇ ಬಿತ್ತು. ಆರಂಭಿಕ ತರಬೇತಿಯ ಎಚ್‌ಪಿಟಿ-32 ವಿಮಾನಗಳನ್ನು ಅಪಘಾತಗಳ ನಂತರ 2009ರಲ್ಲಿ ನೆಲಕ್ಕಿಳಿಸಿದಾಗ, ಮಧ್ಯಮ ಹಂತಕ್ಕೆಂದಿದ್ದ ಕಿರಣ್ ಹೊಸಬರಿಗೆ ಮೊದಲ ಪಾಠವನ್ನೂ ಹೇಳಬೇಕಾಯಿತು. ಸ್ವಿಟ್ಜರ್ಲೆಂಡಿನ ಪಿಲಾಟಸ್ ತರಬೇತಿ ವಿಮಾನ 2013ರಲ್ಲಿ ಬರುವವರೆಗೂ ಇದೇ ಸ್ಥಿತಿ. ತರಬೇತಿಗೇ ವಿಮಾನಗಳು ಸಾಲದಾದ್ದರಿಂದ 2011ರಲ್ಲಿ ಸೂರ್ಯಕಿರಣ್ ತಂಡದ ಪ್ರದರ್ಶನಗಳೇ ನಿಂತವು. 2015ರಲ್ಲಿ ತಂಡ ಮತ್ತೆ ಹಾರಿದ್ದು ಹಾಕ್ ವಿಮಾನಗಳಲ್ಲಿ. ಹಾಗಾಗಿ ಈಗ ನಿಮ್ಮೂರಿನ ಆಕಾಶದಲ್ಲಿ ಆ ತಂಡ ಕಂಡರೆ ಅದರಲ್ಲಿ ಹೆಸರಷ್ಟೇ ಕಿರಣ್. ಸಿತಾರಾಗೆ 2025ರ ಏರೋ ಇಂಡಿಯಾದಲ್ಲಿ ‘ಯಶಸ್’ ಎಂಬ ಹೊಸ ಹೆಸರಿಟ್ಟಾಗ, ಕಿರಣ್ ಮೊದಲ ಸಲ ನೆಲಬಿಟ್ಟು 60 ವರ್ಷ ದಾಟಿತ್ತು.